ಮ್ಯಾಗ್‌ಪೈ ಹಿಡಿಯಲು ಸಾಕಿದ ಮ್ಯಾಗ್‌ಪೈ

ಮ್ಯಾಗ್‌ಪೈ ಎಂಬ ಕಪ್ಪುಬಿಳುಪು ಹಕ್ಕಿಯನ್ನು ಹಿಡಿಯುವುದಕ್ಕೆ ಬಲೆ ಹರಡಿ ಕಾಯಬೇಕಾಗಿಲ್ಲ. ಅದು ತನ್ನದೆಂದುಕೊಂಡಿರುವ ಜಾಗದಲ್ಲಿ ಪರಊರಿನ ಇನ್ನೊಂದು ಮ್ಯಾಗ್‌ಪೈಯನ್ನು ತಂದು ಕೂರಿಸಿದರೆ ಸಾಕು, ಉಳಿದ ಕೆಲಸವನ್ನು ಅದರ ಸಿಟ್ಟೇ ಮಾಡಿ ಮುಗಿಸುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಒಂದು ವಸಂತ ಪೂರ್ತಿ ನಾನು ಈ ಕೆಲಸ ಮಾಡಿದೆ.

ನಾನು ಬೇಟೆಗಾರನಲ್ಲ. ಆಸ್ಪತ್ರೆಯಲ್ಲಿ ನೌಕರಿ, ರಾತ್ರಿ ಪಾಳಿಯೇ ಹೆಚ್ಚು. ಬೆಳಗ್ಗೆ ಮನೆಗೆ ಬಂದರೆ ನಿದ್ದೆ ಹತ್ತುವ ತನಕ ದುರ್ಬೀನು ಹಿಡಿದು ಮನೆಯ ಹಿಂದಿನ ಬದುಗಳ ಮೇಲೆ ಅಡ್ಡಾಡುವುದು ರೂಢಿ. ಆ ಹೊಲಗಳ ಯಜಮಾನರು ಎಪ್ಪತ್ತು ದಾಟಿದವರು. ಬಾರ್ಲಿ, ಗೋಧಿ, ಸಕ್ಕರೆ ಬೀಟ್ ಬೆಳೆಯುತ್ತಾರೆ. ಆ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಊರುಗೋಲು ಹಿಡಿದಿದ್ದರು. ಒದ್ದೆ ಬದುವಿನ ಮೇಲೆ ಊರುಗೋಲು ನಿಲ್ಲುವುದಿಲ್ಲ. "ಹೇಗಿದ್ದರೂ ದಿನಾ ನಡೆಯುತ್ತೀರಲ್ಲ, ನನ್ನ ಬೋನನ್ನೂ ನೋಡಿಕೊಳ್ಳಿ" ಎಂದರು. ಬೋನು ಏಕೆ ಎಂದು ಕೇಳಿದ್ದಕ್ಕೆ ಅವರು ಬಾಯಲ್ಲಿ ಉತ್ತರ ಕೊಡದೆ ಊರುಗೋಲಿನ ತುದಿಯಿಂದ ಬೇಲಿಯ ಬುಡದ ಒಣಹುಲ್ಲನ್ನು ತೋರಿಸಿದರು.

ಅಲ್ಲಿ ಗೂಡು ಕಟ್ಟುವುದು ಯುರೋಪಿನ ಬೂದು ಕವುಜುಗ. ಒಮ್ಮೆಗೆ ಹದಿನೈದರಷ್ಟು ಮೊಟ್ಟೆಯಿಡುವ, ಹಕ್ಕಿಗಳಲ್ಲೇ ಅತಿ ದೊಡ್ಡ ಬಾಣಂತನ ಎನ್ನಬಹುದಾದ ಹಕ್ಕಿ ಇದು. ಆದರೂ 1960ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಇದರ ಸಂಖ್ಯೆ ಶೇಕಡಾ 90ಕ್ಕಿಂತ ಹೆಚ್ಚು ಕುಸಿದಿದೆ. ಕಳೆನಾಶಕ ಬಂತು, ಹೊಲದ ಕಳೆ ಹೋಯಿತು, ಕಳೆಯ ಮೇಲೆ ಬದುಕುವ ಹುಳು ಹೋಯಿತು. ಕವುಜುಗದ ಮರಿ ಮೊದಲ ಎರಡು ವಾರ ಹುಳುವನ್ನೇ ತಿಂದು ಬೆಳೆಯಬೇಕು. ಕಾಳು ಆಮೇಲಿನ ಮಾತು. ಇದು ಮೂಲ ಕಾರಣ. ಅದರ ಮೇಲೆ ನರಿ, ಕಾಗೆ, ಮುಂಗುಸಿಯಂಥ ಸಣ್ಣ ಬೇಟೆಗಾರ ಸ್ಟೋಟ್, ಮ್ಯಾಗ್‌ಪೈಗಳ ಪಾಲು. ಬೇಲಿಯ ಬುಡದಲ್ಲಿ ಹುಲ್ಲು ತೆಳುವಾದಷ್ಟೂ ಮೊಟ್ಟೆ ಮೇಲಿನಿಂದ ಕಾಣುತ್ತದೆ. ಮ್ಯಾಗ್‌ಪೈ ಬೇಲಿಯ ಉದ್ದಕ್ಕೂ ಗಸ್ತು ತಿರುಗುವ ಹಕ್ಕಿ.

ಮ್ಯಾಗ್‌ಪೈ ನಮ್ಮ ಮಡಿವಾಳ ಹಕ್ಕಿಯ ಬಳಗದ್ದಲ್ಲ, ಕಪ್ಪುಬಿಳುಪು ಬಣ್ಣವಷ್ಟೇ ಒಂದು. ಇದು ಕಾಗೆಯ ಕುಲದ್ದು, ನಮ್ಮ ಮಟಪಕ್ಷಿಗೆ ದೂರದ ನೆಂಟ. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 45 ಸೆಂಟಿಮೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ದೂರದಿಂದ ಬರೀ ಕಪ್ಪು ಎನಿಸಿದರೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರೆ ಬಾಲದಲ್ಲಿ ಹಸಿರು, ತುದಿಗೆ ಹೋದಂತೆ ನೇರಳೆ, ರೆಕ್ಕೆಯಲ್ಲಿ ನೀಲಿ ಹೊಳೆಯುತ್ತದೆ. ಕೂಗು ಮಾತ್ರ ಒಣಗಿದ ಸೀಗೆಕಾಯಿಯನ್ನು ಡಬ್ಬಿಯಲ್ಲಿ ಹಾಕಿ ಅಲುಗಿಸಿದಂತೆ.

ಹಿಡಿಯುವುದಕ್ಕೆ ಮೊದಲು ಓದುವುದಿತ್ತು. ಬ್ರಿಟನ್ನಿನಲ್ಲಿ ಎಲ್ಲ ಕಾಡುಹಕ್ಕಿಗೂ 1981ರ ವನ್ಯಜೀವಿ ಮತ್ತು ಗ್ರಾಮೀಣ ಪ್ರದೇಶ ಕಾಯ್ದೆಯ ರಕ್ಷಣೆಯಿದೆ, ಮ್ಯಾಗ್‌ಪೈಗೂ. ಅದನ್ನು ಹಿಡಿಯಬೇಕಾದರೆ ಸರ್ಕಾರದ ಜನರಲ್ ಲೈಸೆನ್ಸ್ ಒಂದರ ಅಡಿಯಲ್ಲಿ ಹಿಡಿಯಬೇಕು. ಅರ್ಜಿ ಹಾಕಬೇಕಾಗಿಲ್ಲ, ಶುಲ್ಕವಿಲ್ಲ; ಆದರೆ ಷರತ್ತು ಓದಿ ಪಾಲಿಸದವನಿಗೆ ಅದರ ರಕ್ಷಣೆಯೂ ಇಲ್ಲ. ನಮ್ಮದು ಅಪಾಯದಲ್ಲಿರುವ ಹಕ್ಕಿಗಳ ಸಂರಕ್ಷಣೆಗಾಗಿ ಇರುವ ಜಿಎಲ್40. "ಮ್ಯಾಗ್‌ಪೈ ಕಂಡರೆ ನನಗಾಗುವುದಿಲ್ಲ" ಎಂಬುದು ಕಾರಣವಾಗುವುದಿಲ್ಲ. ಯಾವ ಹಕ್ಕಿಯನ್ನು ಉಳಿಸಲು, ಕೊಲ್ಲದೆ ಮಾಡಬಹುದಾದ ಉಪಾಯಗಳು ಏಕೆ ಸಾಲಲಿಲ್ಲ ಎಂದು ಕೇಳಿದರೆ ಹೇಳುವಂತಿರಬೇಕು. ಯಜಮಾನರ ಬಳಿ ಇದಕ್ಕೆಂದೇ ಒಂದು ರಟ್ಟಿನ ನೋಟ್‌ಬುಕ್ ಇತ್ತು: ಯಾವ ಬೇಲಿಯಲ್ಲಿ ಕವುಜುಗದ ಜೋಡಿ, ಎಲ್ಲಿ ಒಡೆದ ಮೊಟ್ಟೆ, ಯಾವ ದಿನ.

ಈ ಲೈಸೆನ್ಸಿನ ಹಿಂದೆ ಒಂದು ಜಗಳವಿದೆ. ಟಿವಿಯ ವನ್ಯಜೀವಿ ನಿರೂಪಕ ಕ್ರಿಸ್ ಪ್ಯಾಕಮ್, ಜತೆಗೆ ಮಾರ್ಕ್ ಏವರಿ, ರೂತ್ ಟಿಂಗೆ ಸೇರಿ ಕಟ್ಟಿದ ವೈಲ್ಡ್ ಜಸ್ಟಿಸ್ ಎಂಬ ವನ್ಯಜೀವಿ ಪರ ಸಂಸ್ಥೆ ಕಾನೂನಿನ ಪ್ರಶ್ನೆ ಎತ್ತಿದಾಗ, 2019ರ ಏಪ್ರಿಲ್‌ನಲ್ಲಿ ಹಳೆಯ ಮೂರು ಲೈಸೆನ್ಸ್‌ಗಳನ್ನು ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ ಇದ್ದಕ್ಕಿದ್ದಂತೆ ಹಿಂತೆಗೆದುಕೊಂಡಿತು. ಗೂಡು ಕಟ್ಟುವ ಕಾಲದ ನಡುವೆ. ರೈತರು ಕೆಂಡವಾದರು, ಯಾರೋ ಪ್ಯಾಕಮ್ ಅವರ ಮನೆಯ ಗೇಟಿಗೆ ಸತ್ತ ಕಾಗೆಗಳನ್ನು ನೇತುಹಾಕಿ ಹೋದರು. ನಡುವೆ ತಾತ್ಕಾಲಿಕ ಲೈಸೆನ್ಸ್‌ಗಳು ಬಂದುಹೋಗಿ, ಜಿಎಲ್40 ಸೇರಿದ ಹೊಸ ಲೈಸೆನ್ಸ್‌ಗಳು 2021ರ ಜನವರಿ 1ರಿಂದ ಬಂದವು. ಯಜಮಾನರು ಇವತ್ತಿಗೂ ಪ್ಯಾಕಮ್ ಹೆಸರು ಕೇಳಿದರೆ ಟಿವಿ ಆರಿಸುತ್ತಾರೆ. ನನಗಂತೂ, ಷರತ್ತುಗಳು ಬಿಗಿಯಾದದ್ದು ಒಳ್ಳೆಯದೇ ಆಯಿತು ಎನಿಸಿತು. ಕಾಗದದ ಮೇಲೆ ಇಲ್ಲದ ದಯೆಯನ್ನು ಎಲ್ಲರೂ ಬೆಳಗಿನ ಚಳಿಯಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ.

ಬೋನಿನ ಹೆಸರು ಲಾರ್ಸನ್. ಡೆನ್ಮಾರ್ಕಿನ ಒಬ್ಬ ಪಾಲಕ, ಅಂದರೆ ಬೇಟೆಗೆಂದು ಉಳಿಸುವ ಹಕ್ಕಿಗಳನ್ನು ಕಾಯುವವನು, ರೂಪಿಸಿದ್ದು. ಬ್ರಿಟನ್ನಿನಲ್ಲಿ 1980ರ ದಶಕದ ಕೊನೆಗೆ ಬೇಟೆಹಕ್ಕಿಗಳ ಸಂರಕ್ಷಣೆಯ ಸಂಸ್ಥೆ ಗೇಮ್ ಕನ್ಸರ್ವೆನ್ಸಿ ಅದನ್ನು ಜನಪ್ರಿಯಗೊಳಿಸಿತು. ಡೆನ್ಮಾರ್ಕ್ ಆಮೇಲೆ ಅದನ್ನು ನಿಷೇಧಿಸಿತು ಎಂಬುದನ್ನು ಇಲ್ಲಿಯ ರೈತರು ಅಷ್ಟಾಗಿ ಹೇಳುವುದಿಲ್ಲ. ಮರದ ಚೌಕಟ್ಟು, ಸುತ್ತ ಗಟ್ಟಿ ತಂತಿಜಾಲ, ಒಳಗೆ ಮೂರು ಖಾನೆ. ಒಂದರಲ್ಲಿ ದೀಮದ ಹಕ್ಕಿ, ಅಂದರೆ ಬೇರೆ ಹಕ್ಕಿಗಳನ್ನು ಸೆಳೆಯಲು ಇಡುವ ಜೀವಂತ ಹಕ್ಕಿ. ಉಳಿದೆರಡು ಖಾಲಿ, ಅವುಗಳ ಬಾಗಿಲು ಮೇಲ್ಮುಖವಾಗಿ ತೆರೆದಿರುತ್ತದೆ. ಬಾಗಿಲಿಗೆ ಬಿಗಿಯಾದ ಸ್ಪ್ರಿಂಗ್. ಅದನ್ನು ತಡೆದು ಹಿಡಿದಿರುವುದು ನಡುವೆ ಎರಡು ತುಂಡಾಗಿ ಕೂಡಿಸಿದ ಒಂದು ಕಡ್ಡಿ. ಹೊರಗಿನ ಮ್ಯಾಗ್‌ಪೈ ಜಗಳಕ್ಕೆಂದು ಇಳಿದು ಆ ಕಡ್ಡಿಯ ಮೇಲೆ ಕಾಲಿಟ್ಟ ಕೂಡಲೇ ಕಡ್ಡಿ ಮುರಿದಂತೆ ಕಳಚುತ್ತದೆ, ಹಕ್ಕಿ ಕೆಳಗೆ ಬೀಳುತ್ತದೆ, ಬಾಗಿಲು ಮೇಲೆ ಮುಚ್ಚುತ್ತದೆ. ಕಡ್ಡಿ ಕೂಡಿಸುವುದನ್ನು ಯಜಮಾನರು ಅಡುಗೆಮನೆಯ ಮೇಜಿನ ಮೇಲೆಯೇ ನನ್ನಿಂದ ಮತ್ತೆ ಮತ್ತೆ ಮಾಡಿಸಿದರು. ಬಿಗಿಯಾದರೆ ಹಕ್ಕಿಯ ತೂಕಕ್ಕೆ ಕಳಚುವುದಿಲ್ಲ. ಮ್ಯಾಗ್‌ಪೈ ತೂಗುವುದು ಕಾಲು ಕಿಲೋಗೂ ಕಡಿಮೆ. ಸಡಿಲವಾದರೆ ಗಾಳಿಗೇ ಬಾಗಿಲು ಬಡಿದುಕೊಳ್ಳುತ್ತದೆ.

ಊರಿನಲ್ಲಿ ಇಂಥದ್ದನ್ನು ನಾನು ಬೇರೆ ರೂಪದಲ್ಲಿ ನೋಡಿದ್ದೆ. ನಾನು ಚಿಕ್ಕವನಿದ್ದಾಗ ಬಯಲುಸೀಮೆಯ ನಮ್ಮ ಕಡೆ ಸಾಕಿದ ಕವುಜುಗವನ್ನು ಪಂಜರದಲ್ಲಿ ಹೊತ್ತು ಪೊದೆಗಳ ನಡುವೆ ಇಟ್ಟು, ಅದರ ಕೂಗಿಗೆ ಕೆರಳಿ ಬರುವ ಕಾಡು ಕವುಜುಗವನ್ನು ಉರುಲಿನಲ್ಲಿ ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ, ಆದರೂ ನಡೆಯುತ್ತಿತ್ತು. ಅಲ್ಲಿ ಕವುಜುಗ ಹಿಡಿಯಲು ಕವುಜುಗ. ಇಲ್ಲಿ ಕವುಜುಗ ಉಳಿಸಲು ಮ್ಯಾಗ್‌ಪೈ. ಉಪಾಯ ಒಂದೇ: ನೆಲದ ಮೇಲಿನ ಹಕ್ಕಿನ ಜಗಳ.

ಮೊದಲ ದೀಮದ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ಮೊಟ್ಟೆಯಿಟ್ಟು ಬೋನು ಹೂಡಿದರೆ ಒಂದಲ್ಲ ಒಂದು ದಿನ ಬೀಳುತ್ತದೆ, ಆದರೆ ತಡವಾಗುತ್ತದೆ. ರೂಢಿಯಲ್ಲಿ ಪಾಲಕರು ಒಬ್ಬರಿಗೊಬ್ಬರು ಎರವಲು ಕೊಡುತ್ತಾರೆ. ದೂರದ ಹಳ್ಳಿಯದಾದರೆ ಇನ್ನೂ ಒಳ್ಳೆಯದು. ಅಪರಿಚಿತ ಹಕ್ಕಿಯನ್ನು ಕಂಡರೆ ಜಾಗದ ಜೋಡಿಗೆ ಸಿಟ್ಟು ಹೆಚ್ಚು. ನಮ್ಮದು ಮಾರ್ಚ್ ಕೊನೆಯಲ್ಲಿ ಒಂದು ಸೆಣಬಿನ ಚೀಲದಲ್ಲಿ ಬಂತು. ಕತ್ತಲೆಯಲ್ಲಿ ಹಕ್ಕಿ ಅಲುಗಾಡುವುದಿಲ್ಲ ಎಂದು ಚೀಲ. ಖಾನೆಯೊಳಗೆ ಬಿಟ್ಟೊಡನೆ ಅದು ಮೂಲೆ ಹಿಡಿಯಲಿಲ್ಲ, ಬಾಗಿಲಿನ ಕೊಂಡಿಯನ್ನು ಕುಕ್ಕಿ ನೋಡಿತು, ಬಟ್ಟಲಿನಲ್ಲಿದ್ದ ನಾಯಿ ಬಿಸ್ಕತ್ತನ್ನು ಎತ್ತಿ ತಂತಿಜಾಲದ ಮೂಲೆಗೆ ತುರುಕಿ ಮೇಲೆ ಹುಲ್ಲಿನ ಎಸಳು ಮುಚ್ಚಿತು. ಬಚ್ಚಿಟ್ಟುಕೊಳ್ಳುವುದು ಈ ಕುಲದ ಗುಣ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು ಮ್ಯಾಗ್‌ಪೈಗಳ ಕೊರಳಿಗೆ ಬಣ್ಣದ ಚುಕ್ಕೆ ಅಂಟಿಸಿ ಕನ್ನಡಿಯ ಮುಂದೆ ಬಿಟ್ಟಾಗ ಕೆಲವು ತಮ್ಮ ಮೈಮೇಲಿನ ಚುಕ್ಕೆಯನ್ನೇ ಕೆರೆದುಕೊಂಡವು ಎಂದು ಪ್ರಕಟಿಸಿದ್ದರು. ಇದನ್ನು ಓದಿಕೊಂಡವನು ದಿನಾ ಬೆಳಗ್ಗೆ ಅದರ ಮುಂದೆ ಮಂಡಿಯೂರಿ ಕೂರುವುದು ಸುಲಭವಲ್ಲ.

ಯಾರಾದರೂ ಈ ಕೆಲಸವನ್ನು ಕೊಲ್ಲುವ ಕೆಲಸ ಎಂದರೆ ನಾನು ತಿದ್ದುತ್ತೇನೆ. ಕೊಲ್ಲುವುದು ಅದರಲ್ಲಿ ತೀರ ಚಿಕ್ಕ ಭಾಗ. ಉಳಿದದ್ದೆಲ್ಲ ಒಂದು ಹಕ್ಕಿಯ ಬಾಣಂತನ. ದೀಮದ ಹಕ್ಕಿಗೆ ಸದಾ ಆಹಾರ, ನೀರು, ಗಾಳಿಮಳೆ ಬಿಸಿಲಿನಿಂದ ಮರೆ, ಪಾದಕ್ಕೆ ನೋವಾಗದ ಕೂರುಗಡ್ಡಿ ಇರಬೇಕು. ಕಟ್ಟಿಹಾಕುವಂತಿಲ್ಲ, ಕುರುಡಾದ, ಊನವಾದ, ಗಾಯವಾದ ಹಕ್ಕಿಯನ್ನು ಬಳಸುವಂತಿಲ್ಲ. ದಿನಕ್ಕೆ ಒಮ್ಮೆಯಾದರೂ ಹೋಗಿ ನೋಡಬೇಕು, ಎರಡು ಭೇಟಿಯ ನಡುವೆ 24 ಗಂಟೆ ಮೀರಬಾರದು. ಯಜಮಾನರ ಪದ್ಧತಿ ಇನ್ನೂ ಕಠಿಣ, ಬೆಳಗ್ಗೆ ಸಂಜೆ ಎರಡು ಹೊತ್ತು. ನೀರಿನ ಬಟ್ಟಲನ್ನು ಅದು ಬೇಕೆಂದೇ ಉರುಳಿಸುತ್ತಿತ್ತು. ಕೊನೆಗೆ ಭಾರದ ಮಣ್ಣಿನ ಬಟ್ಟಲನ್ನು ತಂತಿಯಿಂದ ಮೂಲೆಗೆ ಬಿಗಿದೆ. ಹಳೆಯ ಎಂಜಲನ್ನು ದಿನಾ ತೆಗೆಯಬೇಕು, ಬೋನನ್ನು ಆಗಾಗ ಒಂದು ಮಾರು ಸರಿಸಬೇಕು, ಇಲ್ಲದಿದ್ದರೆ ಹಿಕ್ಕೆಯ ಮೇಲೇ ಹಕ್ಕಿ. ನೆನೆಸಿದ ನಾಯಿ ಬಿಸ್ಕತ್ತು, ಒಡೆದ ಮೊಟ್ಟೆ, ಯಜಮಾನರು ಹೊಡೆದ ಮೊಲದ ಚೂರು ಅದರ ಊಟ. ಗಾಳಿ ಬೀಸಿದ ರಾತ್ರಿಗಳಲ್ಲಿ ವಾರ್ಡಿನಲ್ಲಿದ್ದಾಗಲೂ ಮರೆಯ ಹಲಗೆ ಹಾರಿಹೋಯಿತೇ ಎಂಬ ಯೋಚನೆ ಬರುತ್ತಿತ್ತು.

ಬೋನು ಇಟ್ಟದ್ದು ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿಯ ತಿರುವಿನಲ್ಲಿ. ಅಲ್ಲಿಂದ ಮ್ಯಾಗ್‌ಪೈ ಗೂಡು ಕಾಣುತ್ತಿತ್ತು: ಮುಳ್ಳುಕಡ್ಡಿಗಳ ದೊಡ್ಡ ಗೋಳ, ಮೇಲೂ ಮುಳ್ಳಿನ ಚಾವಣಿ, ಒಳಗೆ ಮಣ್ಣಿನ ಲೇಪ. ಪಕ್ಕದಲ್ಲಿ ಒಂದು ಬೇಲಿಗೂಟ ಇರಲೇಬೇಕು. ಮ್ಯಾಗ್‌ಪೈ ನೇರವಾಗಿ ಬೋನಿನ ಮೇಲೆ ಇಳಿಯುವುದಿಲ್ಲ, ಮೊದಲು ಎತ್ತರದಲ್ಲಿ ಕುಳಿತು ಎದುರಾಳಿಯನ್ನು ಅಳೆಯುತ್ತದೆ. ಜನ ನಡೆಯುವ ದಾರಿಗೆ ಕಾಣದಂತೆ ಇಡಬೇಕು ಎಂಬುದೂ ಒಂದು ನಿಯಮ, ಯಜಮಾನರದು. ಕಂಡವರು ಬಾಗಿಲು ತೆರೆದು ಹಕ್ಕಿ ಹಾರಿಸಿಬಿಡುತ್ತಾರೆ. ಆದರೂ ಒಬ್ಬ ಹೆಂಗಸು ನಾಯಿಯೊಂದಿಗೆ ಬಂದು ನನ್ನನ್ನು ಕಂಡು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಪಂಜರದ ಒಂಟಿ ಮ್ಯಾಗ್‌ಪೈಗೆ ಹಣೆಗೆ ಕೈಯಿಟ್ಟು ಸಲಾಮು ಮಾಡಿ, "ನಿನ್ನ ಹೆಂಡತಿ ಹೇಗಿದ್ದಾಳೆ?" ಎಂದು ಕೇಳಿ ಮುಂದೆ ಹೋದರು. ಒಂಟಿ ಮ್ಯಾಗ್‌ಪೈ ಕಂಡರೆ ದುಃಖ, ಜೋಡಿ ಕಂಡರೆ ಸಂತೋಷ ಎಂಬ ನಂಬಿಕೆ ಇಲ್ಲಿ ಗಟ್ಟಿ. ಹೀಗೆ ಮಾತಾಡಿಸಿದರೆ ದುಃಖ ತಪ್ಪುತ್ತದಂತೆ. ನಮ್ಮ ಊರಿನ ಶಕುನದ ಹಕ್ಕಿಗಳ ನೆನಪಾಗಿ ನಾನೂ ಎದೆಯ ಮೇಲೆ ಕೈಯಿಟ್ಟುಕೊಂಡೆ.

ಬೋನು ಹೂಡಿದ ಮೊದಲ ಬೆಳಗ್ಗೆ ದೂರದ ಹಳ್ಳದ ಅಂಚಿನಲ್ಲಿ ಕುಳಿತು ದುರ್ಬೀನಿನಲ್ಲಿ ನೋಡಿದೆ. ದೀಮದ ಹಕ್ಕಿ ಒಮ್ಮೆ ಕೂಗಿತು. ಗೂಡಿನ ಕಡೆಯಿಂದ ಉತ್ತರ ಬಂತು. ಆಮೇಲೆ ಜೋಡಿಯೇ ಬಂತು, ಒಂದು ಗೂಟದ ಮೇಲೆ, ಇನ್ನೊಂದು ಬೇಲಿಯ ತುದಿಯಲ್ಲಿ. ಬಾಲ ಮೇಲೆ ಕೆಳಗೆ ಕುಟ್ಟುತ್ತಾ ಎರಡೂ ಬೈಗುಳ ಶುರುಮಾಡಿದವು. ಗೂಟದ ಹಕ್ಕಿ ನೆಲಕ್ಕೆ ಹಾರಿ ಬೋನಿನ ಸುತ್ತ ಪಕ್ಕಕ್ಕೆ ಪಕ್ಕಕ್ಕೆ ಕುಪ್ಪಳಿಸುತ್ತಾ ಎರಡು ಸುತ್ತು ಹಾಕಿತು, ತಂತಿಯ ಮೂಲಕ ಬಾಲ ಕಚ್ಚಲು ನೋಡಿತು, ಆಗಲಿಲ್ಲ. ಮೇಲೇರಿತು. ಕಡ್ಡಿಯ ಮೇಲೆ ಒಂದು ಕಾಲು ಇಟ್ಟು, ತೆಗೆದು, ಮತ್ತೆ ಇಟ್ಟಿತು. ಬಾಗಿಲು ಬಡಿದ ಸದ್ದು ನನಗೆ ತಡವಾಗಿ ಕೇಳಿಸಿತು. ಅಷ್ಟರಲ್ಲಿ ಬೇಲಿಯ ಮೇಲಿದ್ದದ್ದು ಇನ್ನೂ ಜೋರಾಗಿ ಕೂಗುತ್ತಿತ್ತು. ಅದೂ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಖಾನೆಗೆ ಬಿತ್ತು. ಜತೆಗಾರ ಬಿದ್ದದ್ದನ್ನು ಕಣ್ಣಾರೆ ಕಂಡೂ ಬಿತ್ತು.

ಹಿಡಿದ ಹಕ್ಕಿಯನ್ನು ಬೇಗ, ನೋವಿಲ್ಲದಂತೆ ಕೊಲ್ಲಬೇಕು. ಯಜಮಾನರ ಬಳಿ ಅದಕ್ಕೊಂದು ಗಿಡ್ಡ ಗಟ್ಟಿಮರದ ದೊಣ್ಣೆ ಇತ್ತು. ಚರ್ಮದ ಕೈಗವಸು ತೊಟ್ಟು ರೆಕ್ಕೆಗಳೆರಡನ್ನೂ ಮೈಗೆ ಒತ್ತಿ ಹಿಡಿಯಬೇಕು, ತಲೆಯ ಹಿಂಭಾಗಕ್ಕೆ ಒಂದೇ ಏಟು. ದೀಮದ ಹಕ್ಕಿಯ ಕಣ್ಣಿಗೆ ಬೀಳದಂತೆ ಬೇಲಿಯ ಆಚೆ ಹೋಗಿ ಮಾಡುತ್ತಿದ್ದೆ. ಹಿಡಿತದಲ್ಲಿ ಅದರ ಎದೆಬಡಿತ ಬೆರಳಿಗೆ ತಾಕುತ್ತದೆ. ಏಟಿನ ನಂತರ ರೆಕ್ಕೆ ಕ್ಷಣಕಾಲ ನಡುಗುತ್ತದೆ, ಅದು ನರಗಳ ಕೆಲಸ ಎಂದು ಗೊತ್ತಿದ್ದರೂ ಕೈ ಬಿಡುವುದಕ್ಕಾಗುವುದಿಲ್ಲ. ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗೆಯ ಕುಲ ಅನ್ನುತ್ತೀಯ, ಪಕ್ಷದಲ್ಲಿ ಅನ್ನ ಇಡುವುದು ಅದಕ್ಕೇ ಅಲ್ಲವೇನೋ?" ಎಂದರು. ಸೂರ್ಯಕಾಂತಿಯ ಹೊಲದಲ್ಲಿ ಅಟ್ಟಣೆ ಕಟ್ಟಿ ಗಿಳಿಗಳಿಗೆ ಕವಣೆ ಬೀಸುತ್ತಿದ್ದ ಅಪ್ಪ ಪಕ್ಕದಿಂದ, "ಅವನ ಹೊಲ ಅಲ್ಲ, ಅವನ ಮೊಟ್ಟೆಯೂ ಅಲ್ಲ, ಅವನಿಗೇಕೆ ಬೇಕಿತ್ತು?" ಎಂದದ್ದು ಕೇಳಿಸಿತು. ಅಮ್ಮನ ಮಾತಿಗಿಂತ ಅಪ್ಪನದಕ್ಕೆ ಉತ್ತರ ಹುಡುಕುವುದು ಕಷ್ಟವಾಯಿತು.

ಜೋಡಿ ಹೋದರೆ ಜಾಗ ಖಾಲಿ ಉಳಿಯುವುದಿಲ್ಲ. ಗೂಡು ಸಿಗದೆ ಗುಂಪಿನಲ್ಲಿ ಅಲೆಯುವ ಮ್ಯಾಗ್‌ಪೈಗಳು ಇದ್ದೇ ಇರುತ್ತವೆ. ಕೆಲವೇ ದಿನಗಳಲ್ಲಿ ಹೊಸ ಜೋಡಿ ಅದೇ ಗೂಡಿನ ಮುಂದೆ ಹಾಜರು. ಬೋನು ಗೂಡು ಕಟ್ಟುವ ಕಾಲ ಪೂರ್ತಿ ನಿಲ್ಲಬೇಕಾದದ್ದು ಈ ಕಾರಣಕ್ಕೆ, ಮಾರ್ಚ್‌ನಿಂದ ಜೂನ್‌ವರೆಗೆ. ಮೇ ಕಳೆದಂತೆ ಅವುಗಳ ಸಿಟ್ಟು ಇಳಿಯುತ್ತದೆ, ಬೋನಿನ ಮೇಲೆ ಬರುವುದೂ ಇಳಿಯುತ್ತದೆ.

ಬೇರೆಯವೂ ಬೀಳುತ್ತವೆ. ಒಂದು ಬೆಳಗ್ಗೆ ಖಾನೆಯಲ್ಲಿ ಸ್ಪ್ಯಾರೋಹಾಕ್ ಇತ್ತು, ನಮ್ಮ ಬಿಜ್ಜುವಿನ ದಾಯಾದಿ, ಹೆಣ್ಣು. ದೀಮದ ಹಕ್ಕಿಯನ್ನು ಹೊಡೆಯಲು ಬಂದು ತಾನೇ ಸಿಕ್ಕಿಕೊಂಡಿತ್ತು. ನಡುವೆ ಒಂದೇ ಪದರ ತಂತಿಜಾಲ. ಆಚೆ ಬದಿಯಲ್ಲಿ ಮ್ಯಾಗ್‌ಪೈ ಎಲ್ಲ ಗರಿ ಒತ್ತಿಕೊಂಡು ಸಣ್ಣದಾಗಿ ಕುಳಿತಿತ್ತು, ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಹದ್ದಿನ ಕುಲದ ಆ ಹಕ್ಕಿ ನನ್ನನ್ನು ನೋಡಲೇ ಇಲ್ಲ. ಹಳದಿ ಕಣ್ಣು, ನಡುವೆ ಕರಿಯ ಬೊಟ್ಟು, ಎದೆಯ ಮೇಲೆ ಅಡ್ಡಗೆರೆ, ತಂತಿಯನ್ನು ಅವುಚಿದ್ದ ಉದ್ದ ಬೆರಳುಗಳು. ಬಾಗಿಲು ಎತ್ತಿ ಹಿಂದೆ ಸರಿದೆ. ನೆಲಕ್ಕೆ ಒಂದು ಗೇಣು ಮೇಲೆ ಹಾರಿ ಬೇಲಿಯ ಆಚೆ ಮಾಯವಾಯಿತು. ಬೇರೆ ಜಾತಿಯ ಹಕ್ಕಿಯನ್ನು ಕೂಡಲೇ ಬಿಡಬೇಕು ಎನ್ನುವ ಷರತ್ತನ್ನು ಇಷ್ಟು ಖುಷಿಯಿಂದ ಪಾಲಿಸಿದ್ದು ನೆನಪಿಲ್ಲ. ಅಂದು ದೀಮದ ಹಕ್ಕಿ ಮಧ್ಯಾಹ್ನದ ತನಕ ತಿನ್ನಲಿಲ್ಲ. ಬಾಗಿಲು ಇಳಿಸಿಟ್ಟು, ಪಂಜರದ ಮೇಲೆ ಇನ್ನೊಂದು ಹಲಗೆ ಹೊದಿಸಿದೆ.

ಇದರಿಂದ ಪ್ರಯೋಜನವಿದೆಯೇ? ಊರಿನ ಕೆಫೆಯಲ್ಲಿ ಇಬ್ಬರು ಕುಳಿತರೆ ಮೂರು ಅಭಿಪ್ರಾಯ. ಹಾಡುಹಕ್ಕಿಗಳು ಕಡಿಮೆಯಾದದ್ದಕ್ಕೆಲ್ಲ ಮ್ಯಾಗ್‌ಪೈಯೇ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇಂಗ್ಲೆಂಡಿನ ಎಣಿಕೆಗಳನ್ನು ಜಾಲಾಡಿ, ನೋಡಿದ 29 ಜಾತಿಗಳಲ್ಲಿ ಹೆಚ್ಚಿನವುಗಳ ಇಳಿಕೆಗೂ ಮ್ಯಾಗ್‌ಪೈಯಂಥ ಬೇಟೆಯಾಡುವ ಹಕ್ಕಿಗಳ ಏರಿಕೆಗೂ ಸಂಬಂಧ ಕಾಣಲಿಲ್ಲ ಎಂದಿತು. ಇನ್ನೊಂದು ಕಡೆ, 1980ರ ದಶಕದಲ್ಲಿ ಸಾಲಿಸ್ಬರಿ ಬಯಲಿನಲ್ಲಿ ಗೇಮ್ ಕನ್ಸರ್ವೆನ್ಸಿ ನಡೆಸಿದ ಪ್ರಯೋಗದಲ್ಲಿ ಗೂಡಿನ ಕಾಲದಲ್ಲಿ ಬೇಟೆಯಾಡುವ ಪ್ರಾಣಿಪಕ್ಷಿಗಳನ್ನು ತಡೆದಾಗ ಮೂರು ವರ್ಷಗಳಲ್ಲಿ ಬೂದು ಕವುಜುಗದ ಜೋಡಿಗಳು ಎರಡೂವರೆ ಪಟ್ಟಿಗೂ ಹೆಚ್ಚಾದವು. ಆದರೆ ಅಲ್ಲಿ ತಡೆದದ್ದು ನರಿ, ಕಾಗೆ, ಸ್ಟೋಟ್ ಎಲ್ಲವನ್ನೂ. ಹಾಗಾಗಿ ನನ್ನ ತೀರ್ಮಾನ ಚಿಕ್ಕದು: ಇಡೀ ಸೀಮೆಯ ಮ್ಯಾಗ್‌ಪೈಗಳ ಮೇಲೆ ಯುದ್ಧ ಹೂಡುವುದು ವ್ಯರ್ಥ, ಕವುಜುಗದ ಗೂಡಿರುವ ಒಂದು ಬೇಲಿಯನ್ನು ಎರಡು ಮೂರು ತಿಂಗಳು ಕಾಯುವುದರಲ್ಲಿ ಅರ್ಥವಿದೆ. ಅದೂ ಮೊಟ್ಟೆಯಿಂದ ಬಂದ ಮರಿಗೆ ತಿನ್ನಲು ಹುಳು ಇದ್ದರೆ ಮಾತ್ರ.

ಜೂನ್ ಮಧ್ಯದಲ್ಲಿ ಆ ಬೇಲಿಯ ಕೆಳಗಿನಿಂದ ಕವುಜುಗದ ಸಂಸಾರ ಹೊರಟಿತು. ಹೆಣ್ಣು ಮುಂದೆ, ಹಿಂದೆ ಹುಲ್ಲು ಅಲುಗುವುದಷ್ಟೇ ಕಾಣುತ್ತಿತ್ತು. ಬಾರ್ಲಿಯ ಸಾಲಿನ ತೆರವಿನಲ್ಲಿ ಮಾತ್ರ ಮರಿಗಳು ಒಂದೊಂದಾಗಿ ದಾಟಿದವು. ಮಳೆಯ ಎರಡು ವಾರಗಳ ನಂತರ ಮತ್ತೆ ಕಂಡಾಗ ಸಾಲು ತುಂಬ ಚಿಕ್ಕದಾಗಿತ್ತು. ಬೋನಿನಿಂದ ಉಳಿದದ್ದು ಮೊಟ್ಟೆ. ಮರಿಗಳು ಹೋದದ್ದು ಚಳಿಗೆ, ಹಸಿವಿಗೆ. ಬಾರ್ಲಿಯ ಅಂಚಿನವರೆಗೂ ಸಿಂಪಡಣೆ ನಡೆದಿತ್ತು.

ಅಷ್ಟರಲ್ಲಿ ಯಜಮಾನರು ಊರುಗೋಲು ಬಿಟ್ಟು ಕೋಲಿಗೆ ಬಂದಿದ್ದರು. ಇಬ್ಬರೂ ಸೇರಿ ಬೋನನ್ನು ಕೊಟ್ಟಿಗೆಗೆ ತಂದೆವು. ಬಳಕೆಯಲ್ಲಿಲ್ಲದ ಬೋನು ಹಕ್ಕಿ ಹಿಡಿಯಲಾಗದ ಸ್ಥಿತಿಯಲ್ಲಿರಬೇಕು, ಅದಕ್ಕೆ ಸ್ಪ್ರಿಂಗ್ ಬಾಗಿಲುಗಳನ್ನೇ ಕಳಚಿದೆವು. ದೀಮದ ಹಕ್ಕಿಯನ್ನು ಕೊಟ್ಟವರಿಗೇ ಹಿಂದಿರುಗಿಸಿದೆವು. ಅವರ ಹೊಲದಲ್ಲಿ ಇನ್ನೂ ಕೆಲಸವಿತ್ತು. ತಂತಿಜಾಲ ಉಜ್ಜಿ ತೊಳೆಯುವಾಗ ಮೂಲೆಯಿಂದ ಬಚ್ಚಿಟ್ಟ ನಾಯಿ ಬಿಸ್ಕತ್ತುಗಳು ಉದುರಿದವು.

ಮುಂದಿನ ಮಾರ್ಚ್‌ಗೂ ಬರುತ್ತೀರಾ ಎಂದು ಕೇಳಿದರು. ಬೇಲಿಯ ಉದ್ದಕ್ಕೂ ಆರು ಮೀಟರ್ ಅಗಲ ಸಿಂಪಡಣೆ ಬಿಟ್ಟರೆ ಬರುತ್ತೇನೆ ಎಂದೆ. ಆರು ಮೀಟರ್ ಬಾರ್ಲಿಯಲ್ಲಿ ಕಳೆ ಬೆಳೆದರೆ ಎಷ್ಟು ನಷ್ಟ ಗೊತ್ತೇ ಎಂದು ಅವರು ಲೆಕ್ಕ ಹೇಳತೊಡಗಿದರು. ಹೇಳಿ ಮುಗಿಸಿ, ಬಾಗಿಲ ಬಳಿ ನಿಂತು, ಮೂರು ಮೀಟರ್ ಆದರೆ ಹೇಗೆ ಎಂದರು. ನಾನು ಆರು ಎಂದೇ ಹೇಳಿ ಮಲಗಲು ಮನೆಗೆ ಬಂದೆ.